ಬಲಗಡೆ, ಮೇಲೆ, ನೆಲ್ಲಿಕಾಯಿಯಷ್ಟು

ನನ್ನ ಮಾವನ ಮುಖಕ್ಕಿಂತ ಅವರ ಶ್ವಾಸಕೋಶವೇ ನನಗೆ ಹೆಚ್ಚು ಪರಿಚಯ. ಮುಖವನ್ನು ಅವರು ಯಾರಿಗೂ ನೆಟ್ಟಗೆ ತೋರಿಸುತ್ತಿರಲಿಲ್ಲ. ಮಾತಾಡುವಾಗ ಪಕ್ಕಕ್ಕೆ ತಿರುಗಿ, ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಬಾಯಿಗೆ ಹಿಡಿದು, ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. ಶ್ವಾಸಕೋಶವನ್ನು ಮಾತ್ರ ನಾನು ಎಂಟು ವರ್ಷ, ಆರು ತಿಂಗಳಿಗೊಮ್ಮೆ, ಪುತ್ತೂರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯ ಕಿಟಕಿಯ ಬೆಳಕಿಗೆ ಹಿಡಿದು ಸಾವಕಾಶವಾಗಿ ನೋಡಿದ್ದೇನೆ. ಈಗ ಅವರನ್ನು ನೆನೆಸಿದರೆ ಮೊದಲು ಕಣ್ಣಿಗೆ ಬರುವುದು ಪಕ್ಕೆಲುಬುಗಳು.

ಮಾವನೆಂದರೆ ನನ್ನ ಅಮ್ಮನ ತಮ್ಮ. ನಮ್ಮದು ಬೆಳ್ಳಾರೆಯ ಹತ್ತಿರದ, ತುಳು ಮಾತಾಡುವ ಅಳಿಯಸಂತಾನದ ಮನೆ. ಅಪ್ಪ ಬೇಗ ಹೋದರು. ಮನೆಯಲ್ಲಿ ಉಳಿದದ್ದು ಅಮ್ಮ, ನಾನು, ಮದುವೆಯಾಗದ ಮಾವ. ಅಕ್ಕನನ್ನು ಸಂಪಾಜೆಗೆ ಕೊಟ್ಟಿತ್ತು. ಮಾವ ಮನೆಯ ಯಜಮಾನರು, ಮತ್ತು ಅವರಿಗೆ ಕ್ಷಯ. ಈ ಮಾತನ್ನು ನಾನು ಹೀಗೆ ನೇರವಾಗಿ ಬರೆದದ್ದನ್ನು ಕಂಡರೆ ಅಮ್ಮ ಎದ್ದು ಬಂದು ಕಾಗದ ಹರಿಯುತ್ತಿದ್ದರು. ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಆಡುತ್ತಿರಲಿಲ್ಲ. ಅದರ ಬದಲು ನಾವು ‘ಎ.ಸಿ. ಆಫೀಸಿನ ಕೇಸು’ ಎನ್ನುತ್ತಿದ್ದೆವು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಜಮೀನು ಇದ್ದವರೆಲ್ಲ ಭೂಮಸೂದೆಯ ಲೆಕ್ಕದಲ್ಲಿ ಯಾವುದಾದರೂ ಆಫೀಸಿನ ಮೆಟ್ಟಿಲು ಹತ್ತುತ್ತಲೇ ಇದ್ದರು. ಅಸಿಸ್ಟೆಂಟ್ ಕಮಿಷನರರ ಆಫೀಸು ಇದ್ದದ್ದು ಪುತ್ತೂರಿನಲ್ಲಿ. ಹಾಗಾಗಿ ಮಾವ ಅಲ್ಲಿಗೆ ಹೋಗಲಿಕ್ಕೆ ಕೇಸಿನಷ್ಟು ಒಳ್ಳೆಯ ನೆಪ ಬೇರೆ ಇರಲಿಲ್ಲ. ತೊಂದರೆ ಏನೆಂದರೆ ಬೇರೆಯವರ ಕೇಸುಗಳೆಲ್ಲ ಒಂದೊಂದಾಗಿ ತೀರ್ಮಾನವಾದವು, ಮಾವನದ್ದು ಮುಗಿಯಲಿಲ್ಲ. ಬಸ್ಸಿನಲ್ಲಿ ಸಿಕ್ಕಿದವರು ವಿಚಾರಿಸುತ್ತಿದ್ದರು. ಮಾವ ಎದುರುಪಕ್ಷಕ್ಕೆ ಒಂದು ವಾದ, ಅದಕ್ಕೆ ತನ್ನದೊಂದು ಪ್ರತಿವಾದ, ಕಾಣೆಯಾದ ಒಂದು ಕಡತ, ವರ್ಗವಾಗಿ ಹೋದ ಒಬ್ಬ ಗುಮಾಸ್ತ, ಎಲ್ಲವನ್ನೂ ಹುಟ್ಟಿಸಿದರು. ಬೆಳ್ಳಾರೆಯ ಜವಳಿ ಅಂಗಡಿಯವರೊಬ್ಬರು ಆ ಕೇಸನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಒಳ್ಳೆಯ ವಕೀಲರೊಬ್ಬರ ವಿಳಾಸವನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಮಾವ ಅದನ್ನು ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಂಡರು.

ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಪ್ರೀತಿಯಿಂದಲ್ಲ, ಫಿಲ್ಮು ಹೊರಲಿಕ್ಕೆ. ಎಕ್ಸ್‌ರೇ ಫಿಲ್ಮಿನ ಕಂದು ಲಕೋಟೆ ದೊಡ್ಡದು. ಗಂಡಸು ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದರೆ ಕಂಡಕ್ಟರನಿಂದ ಹಿಡಿದು ಕೋಳಿ ತಂದವನವರೆಗೆ ಎಲ್ಲರಿಗೂ ವಿಷಯ ತಿಳಿಯುತ್ತದೆ. ನಾನು ಆಗ ನರಿಮೊಗರಿನ ಕಡೆಯ ಒಂದು ಶಾಲೆಯಲ್ಲಿ ತಾತ್ಕಾಲಿಕ ಟೀಚರು. ಟೀಚರ ಕೈಯಲ್ಲಿ ದೊಡ್ಡ ಲಕೋಟೆ ಇದ್ದರೆ ಅದು ಭೂಪಟ. ನಾನು ಮೈಸೂರು ರಾಜ್ಯದ ಒಂದು ಹಳೆಯ ನಕ್ಷೆಯನ್ನು ಹೊರಗಡೆಗೆ ಸುತ್ತಿ, ಒಳಗೆ ಮಾವನ ಎದೆಯನ್ನು ಇಟ್ಟು, ಬೆಳ್ಳಾರೆಯಿಂದ ಪುತ್ತೂರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ.

ಹಳೆಯ ಫಿಲ್ಮುಗಳನ್ನೆಲ್ಲ ಪ್ರತಿ ಸಲವೂ ಒಯ್ಯಲೇಬೇಕಿತ್ತು. ಅದು ಆ ಆಸ್ಪತ್ರೆಯ ಹಿರಿಯ ಡಾಕ್ಟರರ ಕಟ್ಟಪ್ಪಣೆ. ಯಾಕೆಂದು ನಾನು ಒಮ್ಮೆ ಕೇಳಿದ್ದಕ್ಕೆ ಅವರು ಸಿಟ್ಟಾಗದೆ ವಿವರಿಸಿದರು. “ಕಾಡುಹಂದಿ ಬಂದು ಹೋದ ಗದ್ದೆ ನೋಡಿದ್ದೀಯಲ್ಲ? ಈ ಫಿಲ್ಮಿನಲ್ಲಿ ಕಾಣುದು ಗದ್ದೆ ಮಾತ್ರ, ಹಂದಿ ಕಾಣುದಿಲ್ಲ. ಹಂದಿ ಹೋಗಿಯಾಯ್ತಾ, ಅಲ್ಲೇ ಮೂಲೆಯಲ್ಲಿ ಉಂಟಾ ಅಂತ ತಿಳೀಬೇಕಾದ್ರೆ ಮೊನ್ನೆಯ ಗದ್ದೆ ಹೇಗಿತ್ತು, ಇವತ್ತಿನದ್ದು ಹೇಗುಂಟು ಅಂತ ಪಕ್ಕ ಪಕ್ಕ ಇಟ್ಟು ನೋಡ್ಬೇಕು. ಹೊಸ ಗುಂಡಿ ಬಿದ್ದಿದ್ರೆ ಹಂದಿ ಉಂಟು.” ಹಂದಿಯನ್ನೇ ಹಿಡಿಯಲಿಕ್ಕೆ ಕಫ ಪರೀಕ್ಷೆ ಬೇರೆ ಇತ್ತು. ಆದರೆ ಗದ್ದೆ ಎಷ್ಟು ಹಾಳಾಯಿತು ಎಂದು ಹೇಳುತ್ತಿದ್ದದ್ದು ಫಿಲ್ಮೇ. ಮುಂದೆ ಮೂವತ್ತು ವರ್ಷ ನಾನು ಮಕ್ಕಳಿಗೆ ವಿಜ್ಞಾನ ಕಲಿಸಿದೆ. ಇಷ್ಟು ಚೆನ್ನಾಗಿ ಒಂದು ದಿನವೂ ಕಲಿಸಲಿಲ್ಲ.

ಹಂದಿ ಹೋಗದೆ ಉಳಿಯಲು ಮಾವನೇ ಕಾರಣ. ಮೊದಲ ಸಲ ಇಂಜೆಕ್ಷನ್, ಮಾತ್ರೆ ಶುರುವಾದ ನಾಲ್ಕನೆಯ ತಿಂಗಳಿಗೆ ಜ್ವರ ನಿಂತಿತು, ಹಸಿವು ಬಂತು, ಮೈ ತುಂಬಿತು. ಗುಣವಾದ ಮೇಲೆ ಮದ್ದು ತಿನ್ನುವುದು ದುರಾಸೆ ಎಂದು ಅವರು ಮಾತ್ರೆ ನಿಲ್ಲಿಸಿದರು. ಹದಿನೆಂಟು ತಿಂಗಳು ತಿನ್ನಬೇಕು ಎಂದು ಡಾಕ್ಟರು ಹೇಳಿದ್ದನ್ನು ಮಾವ, ಚೌಕಾಸಿಗೆ ಮೊದಲು ಅಂಗಡಿಯವರು ಹೇಳುವ ಕ್ರಯದ ಹಾಗೆ ಎಂದು ತಿಳಿದಿದ್ದರು. ಒಂದು ವರ್ಷದೊಳಗೆ ಕೆಮ್ಮಿನಲ್ಲಿ ರಕ್ತ ಬಂತು. ಮಾಡಿದ್ದುಣ್ಣೋ ಮಹಾರಾಯ. ಮತ್ತೆ ಮೊದಲಿನಿಂದ ಇಂಜೆಕ್ಷನ್. ಅರ್ಧಕ್ಕೆ ಬಿಟ್ಟ ಮದ್ದು ಆಮೇಲೆ ಬೇಗ ಹಿಡಿಯಲಿಲ್ಲ, ವರ್ಷಗಟ್ಟಲೆ ಎಳೆಯಿತು. ಸೂಜಿ ಚುಚ್ಚಿದ ಅರ್ಧ ಗಂಟೆಗೆ ತುಟಿ ಜುಮುಗುಟ್ಟುತ್ತಿತ್ತು, ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಅಮ್ಮ ಅವರ ತಟ್ಟೆ ಲೋಟ ಬೇರೆ ಇಟ್ಟರು. ಮದ್ದು ತಪ್ಪದೆ ತಿಂದರೆ ಅಷ್ಟೆಲ್ಲ ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದರೂ ಅಮ್ಮ ಕೇಳಲಿಲ್ಲ. ಅಮ್ಮನಿಗಿಂತ ಹೆಚ್ಚಾಗಿ ಮಾವ ಕೇಳಲಿಲ್ಲ.

ಕಾಯಿಲೆಯ ಬಗ್ಗೆ ಬಾಯಿ ಬಿಡದ ಮಾವನಿಗೆ ಫಿಲ್ಮಿನ ಬಗ್ಗೆ ಮಾತ್ರ ವಿಪರೀತ ಆಸಕ್ತಿ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಅವರದೊಂದು ತೂತು ಇತ್ತು. ಫಿಲ್ಮಿನಲ್ಲಿ ಬಲಗಡೆಯದ್ದು ನೋಡುವವರ ಎಡಕ್ಕೆ ಕಾಣುತ್ತದೆ. ಅದನ್ನು ಅವರಿಗೆ ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಡಾಕ್ಟರು ತೂತನ್ನು ಸೆಂಟಿಮೀಟರಿನಲ್ಲಿ ಅಳೆದರೆ ಮಾವ ಹಣ್ಣುಹಂಪಲಿನಲ್ಲಿ ಅಳೆಯುತ್ತಿದ್ದರು. ಮೊದಲ ವರ್ಷ ಅದು ಪುನರ್ಪುಳಿ ಹಣ್ಣಿನಷ್ಟು. ಆಮೇಲೆ ಕುಗ್ಗಿ ನೆಲ್ಲಿಕಾಯಿಯಷ್ಟು. ಎಂಟನೆಯ ವರ್ಷಕ್ಕೆ ನೇರಳೆ ಹಣ್ಣಿನಷ್ಟು, ಅದೂ ಕಾಡುನೇರಳೆ. ಎಡಗಡೆಯ ಒಂದು ಪಕ್ಕೆಲುಬಿನಲ್ಲಿ ಬಿದಿರಿನ ಗಿಣ್ಣಿನಂಥ ಗಂಟು ಬೇರೆ ಇತ್ತು. ಪ್ರಾಯದಲ್ಲಿ ಹಲಸಿನ ಮರದಿಂದ ಬಿದ್ದು ಮುರಿದ ಎಲುಬು ಅಡ್ಡಾದಿಡ್ಡಿ ಕೂಡಿಕೊಂಡದ್ದು. ಅದು ರೋಗವಲ್ಲವಾದ್ದರಿಂದ ಅದನ್ನು ಅವರು ಹೆಮ್ಮೆಯಿಂದ ತೋರಿಸುತ್ತಿದ್ದರು.

ಫಿಲ್ಮು ತೆಗೆಯುವವರು ಮಾತು ಬಾರದವರಲ್ಲ, ಬೇಡದವರು. ದಿನವಿಡೀ ಅವರ ಬಾಯಿಂದ ಬರುತ್ತಿದ್ದದ್ದು “ಗಲ್ಲ ಮೇಲೆ, ಉಸಿರು ಎಳೀರಿ, ಹಿಡೀರಿ” ಎಂಬುದಷ್ಟೇ. “ಬಿಡಿ” ಎನ್ನುವುದು ಕೆಲವೊಮ್ಮೆ ಮರೆಯುತ್ತಿತ್ತು. ಹೇಳಿದ ಮಾತು ಮೀರದ ಮಾವ ಒಂದೂವರೆ ಶ್ವಾಸಕೋಶದಲ್ಲಿ ಉಸಿರು ಹಿಡಿದು, ಕಣ್ಣು ಮೇಲೆ ಮಾಡಿ ನಿಂತದ್ದುಂಟು.

ಫಿಲ್ಮು ತೆಗೆಯುವವರ ದಫ್ತರದಲ್ಲಿ ಯಾರ ಹೆಸರೂ ಇರಲಿಲ್ಲ. ನಮ್ಮ ಕಡೆ ಮನುಷ್ಯನನ್ನು ಕರೆಯುವುದೇ ಮನೆಯ ಹೆಸರಿನಿಂದ. ಕಾಗದ ಬರುವುದು, ಮದುವೆಯ ಕರೆ ಬರುವುದು, ಜಗಳಕ್ಕೆ ಬರುವುದು, ಎಲ್ಲ ಮನೆಯ ಹೆಸರು ಹಿಡಿದೇ. ಈ ಆಸ್ಪತ್ರೆಯಲ್ಲಿ ಅದು ಇನ್ನಷ್ಟು ಅನುಕೂಲವಾಯಿತು. ಹೆಸರು ಕೇಳಿದರೆ ಕ್ಷಯದವರೆಲ್ಲ ಮನೆಯ ಹೆಸರು ಹೇಳಿ ಬಾಯಿ ಮುಚ್ಚುತ್ತಿದ್ದರು. ಫಿಲ್ಮು ತೆಗೆಯುವವರು ಬೇರೇನೂ ಕೇಳದೆ ಅದನ್ನೇ ದಫ್ತರದಲ್ಲಿ ಬರೆದು, ಫಿಲ್ಮು ಒಣಗಿದ ಮೇಲೆ ಅದರ ಮೂಲೆಯಲ್ಲೂ ಬಿಳಿ ಶಾಯಿಯಲ್ಲಿ ಅದನ್ನೇ ಬರೆಯುತ್ತಿದ್ದರು. ರೋಗ ಮನೆಗೇ ಬಂದದ್ದು, ನಿರ್ದಿಷ್ಟವಾಗಿ ಯಾರಿಗೂ ಬಂದದ್ದಲ್ಲ ಎಂಬ ಹಾಗೆ. ಒಂದು ಮನೆಯಿಂದ ಒಬ್ಬರೇ ಬರುವವರೆಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಕಾಯಂ ಕೆಲಸದ ಆದೇಶ ಬಂತು. ಕಡಬದ ಕಡೆಯ ಒಂದು ಶಾಲೆ. ಸೋಮವಾರ ಮಧ್ಯಾಹ್ನದೊಳಗೆ ಹಾಜರಾಗಬೇಕು, ಜೊತೆಗೆ ಆರೋಗ್ಯದ ಸರ್ಟಿಫಿಕೇಟು ಬೇಕು, ಎದೆಯ ಎಕ್ಸ್‌ರೇ ತೆಗೆಸಿ ರೋಗವಿಲ್ಲ ಎಂದು ಅದರಲ್ಲಿ ಬರೆಸಿರಬೇಕು. ಎಂಟು ವರ್ಷ ತಾತ್ಕಾಲಿಕವಾಗಿ ದುಡಿದವಳು ನಾನು. ಬೇಸಿಗೆ ರಜೆ ಬಂತೆಂದರೆ ಕೆಲಸವೂ ಹೋಗಿ, ಜೂನಿನಲ್ಲಿ ಮತ್ತೆ ಯಾರದೋ ಬಾಗಿಲಲ್ಲಿ ನಿಲ್ಲಬೇಕಾಗಿತ್ತು. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ ಆದೇಶದ ಕಾಗದವನ್ನು ಮೂರು ದಿನ ಯಾರಿಗೂ ಮುಟ್ಟಲು ಬಿಡಲಿಲ್ಲ. ಮಾವನ ಆರು ತಿಂಗಳ ಫಿಲ್ಮಿಗೂ ಸಮಯವಾಗಿತ್ತು. ಶನಿವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟೆವು.

ಆಸ್ಪತ್ರೆಯಲ್ಲಿ ಮಾವ ಎಂದಿನಂತೆ ಮನೆಯ ಹೆಸರು ಹೇಳಿದರು. ನಾನೂ ಅದೇ ಹೇಳಿದೆ. ಫಿಲ್ಮು ತೆಗೆಯುವವರು ಒಂದು ಕ್ಷಣ ಯೋಚಿಸಿ, ಮಾವನ ಸಾಲಿನ ಮುಂದೆ ಒಂದು, ನನ್ನ ಸಾಲಿನ ಮುಂದೆ ಎರಡು ಎಂದು ಬರೆದುಕೊಂಡರು. ಅಷ್ಟರಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಬೆಳ್ಳಾರೆಯ ಜವಳಿ ಅಂಗಡಿಯವರು ಒಳಗೆ ಬಂದರು. ವಕೀಲರ ವಿಳಾಸ ಕೊಟ್ಟವರೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾವ ಎದ್ದು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಬಾವಿಕಟ್ಟೆಯ ಹತ್ತಿರ ನಿಂತು ಬಾವಿಯನ್ನು ಪರೀಕ್ಷಿಸತೊಡಗಿದರು. “ಎಂತ ಟೀಚರ್, ನೀವು ಇಲ್ಲಿ?” ಎಂದು ಅಂಗಡಿಯವರು ಕೇಳಿದರು. ಸರ್ಟಿಫಿಕೇಟಿಗೆ ಎಂದೆ. ಅದು ನಿಜವಾದ್ದರಿಂದ ಹೇಳಲು ಕಷ್ಟವಾಗಲಿಲ್ಲ.

ಮಾವನ ಸರದಿ ಬಂದಾಗ ಮಾವ ಇಲ್ಲ. ಕರೆಂಟು ಇರುವಾಗಲೇ ಮುಗಿಸಬೇಕೆಂದು ಫಿಲ್ಮು ತೆಗೆಯುವವರು ನನ್ನನ್ನೇ ಮೊದಲು ಒಳಗೆ ಕರೆದರು. ಗಲ್ಲ ಮೇಲೆ, ಉಸಿರು ಎಳೀರಿ, ಹಿಡೀರಿ. ನಾನು ಹೊರಗೆ ಬಂದು, ಬಾವಿಯ ಹತ್ತಿರ ಹೋಗಿ ಮಾವನನ್ನು ಕಳಿಸಿದೆ. ಅವರು ಗೋಡೆಯ ಬದಿಯಲ್ಲೇ ಸರಿದು ಒಳಗೆ ಹೋದರು. ನನ್ನ ಫಿಲ್ಮು ಮೊದಲು ತೊಳೆದಾಯಿತು, ಮಾವನದ್ದು ಆಮೇಲೆ. ಒಣಗಿದಾಗ ಮೊದಲಿನದಕ್ಕೆ ಒಂದು, ಆಮೇಲಿನದಕ್ಕೆ ಎರಡು. ಆಗಿದ್ದು ಇಷ್ಟೇ, ಆದರೆ ಆಗ ನಮಗೆ ಇದು ಗೊತ್ತಿಲ್ಲ.

ಹಿರಿಯ ಡಾಕ್ಟರು ಇದ್ದಿದ್ದರೆ ನಮ್ಮ ಮುಖ ನೋಡಿಯೇ ಯಾವ ಫಿಲ್ಮು ಯಾರದೆಂದು ಹೇಳುತ್ತಿದ್ದರು. ಅವರು ಒಂದು ತಿಂಗಳ ರಜೆಯಲ್ಲಿದ್ದರು. ಅವರ ಕುರ್ಚಿಯಲ್ಲಿ ಓದು ಮುಗಿಸಿ ಹೆಚ್ಚು ದಿನವಾಗದ, ಘಟ್ಟದ ಮೇಲಿನ ಒಬ್ಬ ಡಾಕ್ಟರು ಕೂತಿದ್ದರು. ಒಳ್ಳೆಯ ಹುಡುಗ. ನಮ್ಮ ಮನೆಯ ಹೆಸರನ್ನು ಮಾವನದೇ ಹೆಸರೆಂದು ತಿಳಿದು ಅದಕ್ಕೆ ‘ಅವರೇ’ ಸೇರಿಸಿ ಕರೆದರು. ಮನೆಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಅವರು ಆರು ತಿಂಗಳ ಹಿಂದಿನ ಫಿಲ್ಮನ್ನೂ ಒಂದನೆಯ ನಂಬರಿನ ಹೊಸ ಫಿಲ್ಮನ್ನೂ ದೀಪದ ಪೆಟ್ಟಿಗೆಯ ಮೇಲೆ ಪಕ್ಕ ಪಕ್ಕ ಸಿಕ್ಕಿಸಿದರು. ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. “ಅದ್ಭುತ ಕಣ್ರೀ! ಆರು ತಿಂಗಳಲ್ಲಿ ಇಷ್ಟು ಬದಲಾವಣೆ ನಾನು ಪುಸ್ತಕದಲ್ಲೂ ನೋಡಿಲ್ಲ. ಪೂರ್ತಿ ವಾಸಿಯಾಗಿದೆ. ಇನ್ನು ಮಾತ್ರೆ ಬೇಡ,” ಎಂದರು. ಪುಸ್ತಕದಲ್ಲಿ ಇಲ್ಲದ್ದು ಎದುರಿಗೆ ಬಂದರೆ ಸಂಶಯಪಡಬೇಕು. ಅವರು ಸಂತೋಷಪಟ್ಟರು. ಪ್ರಾಯ.

ನಾನು ನೋಡಿದ್ದು ತೂತನ್ನಲ್ಲ, ಪಕ್ಕೆಲುಬನ್ನು. ಹೊಸ ಫಿಲ್ಮಿನಲ್ಲಿ ಗಂಟು ಇರಲಿಲ್ಲ. ಇಂಜೆಕ್ಷನಿಗೆ ಹಲಸಿನ ಮರದಿಂದ ಬಿದ್ದದ್ದು ವಾಸಿಯಾಗುವುದಿಲ್ಲ ಎಂದು ತಿಳಿಯಲು ಟೀಚರು ಆಗಬೇಕಾಗಿಲ್ಲ. ಅದು ನನ್ನ ಎದೆ. ಹಾಗಾದರೆ ಮೇಜಿನ ಮೇಲಿರುವ ಎರಡನೆಯ ನಂಬರಿನದ್ದು ಯಾರದು, ಅದರಲ್ಲಿ ಏನಿದೆ ಎಂಬುದೂ ನನಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ತೆರೆಯಬೇಕೆಂದು ಮಾವನ ಕಡೆ ನೋಡಿದೆ. ಅವರು ಬೈರಾಸನ್ನು ಬಾಯಿಯಿಂದ ತೆಗೆದಿದ್ದರು. ನಾನು ಸುಮ್ಮನಾದೆ.

ಬಿದ್ದು ಗಾಯಮಾಡಿಕೊಂಡವನೊಬ್ಬನನ್ನು ಹೊರಗಿನಿಂದ ಎತ್ತಿ ತಂದರು. ಡಾಕ್ಟರು ನಮ್ಮನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ ಅತ್ತ ಹೋದರು. ಹತ್ತು ನಿಮಿಷ ಆಗಿರಬಹುದು. ನಾವು ಪಡಸಾಲೆಯ ಬೆಂಚಿನ ತುದಿಯಲ್ಲಿ ಕೂತೆವು. ಜವಳಿ ಅಂಗಡಿಯವರು ಎದುರು ಬೆಂಚಿನಲ್ಲಿದ್ದರು. ಮಾವ ಈ ಸಲ ಅಡಗಲಿಲ್ಲ. ನನ್ನ ಕಡೆ ಪೂರ್ತಿ ತಿರುಗಿ, ನೆಟ್ಟಗೆ ಮುಖ ನೋಡಿ ಕೂತರು. ಅವರ ಮೇಲಿನ ತುಟಿಯಲ್ಲಿ ಒಂದು ಹಳೆಯ ಗಾಯದ ಗುರುತು ಇದೆ ಎಂದು ನನಗೆ ಅವತ್ತು ಗೊತ್ತಾಯಿತು.

“ನಾಳೆ ಸಂಪಾಜೆಗೆ ಹೋಗುವ,” ಎಂದರು.

ಸಂಪಾಜೆಯಲ್ಲಿ ಅಕ್ಕನ ಮಗು ಇತ್ತು, ಒಂದೂವರೆ ವರ್ಷದ್ದು. ಅದು ಹುಟ್ಟಿದಂದಿನಿಂದ ಮಾವ ಅದನ್ನು ಮುಟ್ಟಿರಲಿಲ್ಲ. ಅಕ್ಕ ಮನೆಗೆ ತಂದಾಗಲೆಲ್ಲ ಕೈ ಮಣ್ಣಾಗಿದೆ ಎಂದು ದೂರ ಸರಿಯುತ್ತಿದ್ದರು. ಮಾವನ ಕೈ ಯಾವಾಗಲೂ ಮಣ್ಣು ಎಂದು ಅಕ್ಕ ಬೇಸರದಿಂದ ಹೇಳುತ್ತಿದ್ದಳು. ಅವಳಿಗೂ ಕೇಸೆಂದೇ ಹೇಳಿತ್ತು.

“ಎತ್ತಿಕೊಳ್ಬೇಕು ಅದನ್ನು,” ಎಂದರು ಮಾವ. “ಭಾರ ಇರ್ಬಹುದು ಅಲ್ವಾ ಈಗ?”

“ಭಾರ ಉಂಟು,” ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯವಾಗಲಿಲ್ಲ. ಕರುಣೆಯಿಂದ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಆ ಸಂತೋಷವನ್ನು ಕಿತ್ತುಕೊಳ್ಳುವವಳು ನಾನಾಗುವುದು ಬೇಡ, ಡಾಕ್ಟರೇ ಕಿತ್ತುಕೊಳ್ಳಲಿ ಎಂದು ಕೂತಿದ್ದೆ. ಅದಕ್ಕೆ ಹೇಡಿತನ ಎಂದು ಹೆಸರು.

ಡಾಕ್ಟರು ಕರೆದರು. ಎರಡನೆಯ ಫಿಲ್ಮನ್ನು ಪೆಟ್ಟಿಗೆಗೆ ಸಿಕ್ಕಿಸಿದರು. ಅವರ ಮುಖ ಸಣ್ಣದಾಯಿತು. ಸರ್ಟಿಫಿಕೇಟು ಬರೆಯಲು ತೆರೆದಿದ್ದ ಪೆನ್ನಿಗೆ ಮುಚ್ಚಳ ಹಾಕಿದರು. ಇಂಥದ್ದನ್ನು ಹೆಣ್ಣುಮಕ್ಕಳಿಗೆ ನೇರವಾಗಿ ಹೇಳಬಾರದೆಂದು ಅವರಿಗೆ ಯಾರೋ ಕಲಿಸಿದ್ದಿರಬೇಕು. ಮಾವನ ಕಡೆ ತಿರುಗಿ ಹೇಳಿದರು. “ನೋಡಿ, ನಿಮ್ಮ ಸೊಸೆಗೆ ಬಲಗಡೆ ಮೇಲ್ಭಾಗದಲ್ಲಿ ಕುಳಿ ಇದೆ. ಕೆಲಸಕ್ಕೆ ಈಗ ಫಿಟ್ ಅಂತ ಬರೆಯೋಕಾಗಲ್ಲ. ಚಿಕಿತ್ಸೆ ಶುರು ಮಾಡೋಣ. ಧೈರ್ಯವಾಗಿರಿ.”

ನಾನು ಬಾಯಿ ತೆರೆದೆ. ಅದು ನನ್ನದಲ್ಲ ಎನ್ನಬೇಕು. ಹಾಗೆಂದರೆ ಅದು ಇವರದು ಎಂದ ಹಾಗೆ. ಮಾವ ಎದ್ದು ಪೆಟ್ಟಿಗೆಯ ಹತ್ತಿರ ಹೋಗಿ, ಅಂಗಿಯ ಮೇಲಿನ ಗುಂಡಿಗಳನ್ನು ಬಿಚ್ಚುತ್ತಾ ಹೇಳಿದರು.

“ಡಾಕ್ಟ್ರೇ, ಆ ತೂತು ನನ್ನದು.”

“ನಿಮ್ಮದು ಆಗಲೇ ನೋಡಿದ್ವಲ್ಲ. ಸ್ವಚ್ಛವಾಗಿದೆ.”

“ಅದು ಇವಳದ್ದು. ಇದು ನನ್ನದು. ಎಂಟು ವರ್ಷದಿಂದ ಉಂಟು. ಮೊದಲು ಪುನರ್ಪುಳಿಯಷ್ಟಿತ್ತು.”

ಡಾಕ್ಟರಿಗೆ ಪುನರ್ಪುಳಿ ಗೊತ್ತಿರಲಿಲ್ಲ. ಆದರೆ ಮನುಷ್ಯರ ಸ್ವಭಾವ ಗೊತ್ತಿದೆ ಎಂದು ಅವರು ತಿಳಿದಿದ್ದರು. ಎದ್ದು ಮಾವನ ಭುಜದ ಮೇಲೆ ಕೈಯಿಟ್ಟು, “ಪ್ರೀತಿಯಿಂದ ಹೇಳ್ತಿದ್ದೀರಿ, ಅರ್ಥ ಆಗುತ್ತೆ. ಅವರ ಕೆಲಸ ಹೋಗುತ್ತೆ ಅಂತ ನಿಮ್ಮ ಮೇಲೆ ಹಾಕ್ಕೊಳ್ಳೋದು ಬೇಡ. ಸುಳ್ಳಿಂದ ಕಾಯಿಲೆ ಗುಣವಾಗಲ್ಲ,” ಎಂದರು.

ಎಂಟು ವರ್ಷ ಊರಿಗೆಲ್ಲ ಸುಳ್ಳು ಹೇಳಿ ನಂಬಿಸಿದ ಮನುಷ್ಯ, ಹೇಳಿದ ಒಂದೇ ನಿಜವನ್ನು ಯಾರೂ ನಂಬದೆ ಸಿಕ್ಕಿಬಿದ್ದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮಾವ ಯಾವತ್ತೂ ಸ್ವರ ಏರಿಸಿದವರಲ್ಲ, ಏರಿಸಿದರೆ ಕೆಮ್ಮು ಬರುತ್ತಿತ್ತು. ಅವತ್ತು ಏರಿಸಿದರು. “ಸುಳ್ಳಲ್ಲ ಮಾರಾಯ್ರೆ! ಕ್ಷಯ ನನಗೆ! ಇವಳಿಗಲ್ಲ, ನನಗೆ! ಆ ಎಲುಬು ನೋಡಿ, ಗಂಟು ಕಾಣ್ತದಲ್ಲ, ಹಲಸಿನ ಮರದಿಂದ ಬಿದ್ದವ ನಾನು, ಇವಳು ಬೀಳಲಿಲ್ಲ!” ಎಂದು ಡಾಕ್ಟರ ಕೈಯನ್ನು ಹಿಡಿದು ತನ್ನ ಎಡ ಪಕ್ಕೆಗೆ ಒತ್ತಿಕೊಂಡರು. ಆಮೇಲೆ ಕೆಮ್ಮು ಬಂತು. ಬಾಗಿಲಿಗೆ ಇದ್ದದ್ದು ಒಂದು ತೆಳುವಾದ ಹಸುರು ಪರದೆ. ಹೊರಗೆ ಗುಜುಗುಜು ಮಾತಾಡುತ್ತಿದ್ದ ಪಡಸಾಲೆ ಪೂರ್ತಿ ನಿಶ್ಶಬ್ದವಾಯಿತು.

ಡಾಕ್ಟರ ಬೆರಳು ಗಂಟಿನ ಮೇಲೆ ನಿಂತಿತು. ಅವರು ಬೆರಳು ತೆಗೆಯದೆ ಫಿಲ್ಮು ನೋಡಿದರು, ಹಳೆಯ ಫಿಲ್ಮು ನೋಡಿದರು, ಒಂದನೆಯ ನಂಬರಿನದ್ದು ನೋಡಿದರು. ಅವರ ಕಿವಿ ಕೆಂಪಾಯಿತು. ನನಗೂ ಸ್ವರ ಬಂತು. “ಹೌದು ಡಾಕ್ಟ್ರೇ, ಒಂದನೆಯದ್ದು ನನ್ನದು,” ಎಂದೆ. ನನ್ನ ಮಾತು ಅಷ್ಟು ಹೊತ್ತಿಗೆ ಯಾರಿಗೂ ಬೇಕಾಗಿರಲಿಲ್ಲ.

ಫಿಲ್ಮು ತೆಗೆಯುವವರನ್ನು ಕರೆದರು. ಅವರು ದಫ್ತರ ನೋಡಿ, ತಲೆ ಕೆರೆದು, ಇಬ್ಬರದ್ದೂ ಇನ್ನೊಮ್ಮೆ ತೆಗೆಯುವ ಎಂದರು. ಕರೆಂಟು ಹೋಗಿತ್ತು. ಬರುವವರೆಗೆ ಎಲ್ಲರೂ ಪಡಸಾಲೆಯಲ್ಲಿ ಕೂರಬೇಕಾಯಿತು. ಜವಳಿ ಅಂಗಡಿಯವರು ಬಹಳ ಹೊತ್ತು ನೆಲ ನೋಡಿದರು. ಕೊನೆಗೆ ತಡೆಯಲಾರದೆ ಕೇಳಿದರು.

“ಹಾಗಾದ್ರೆ ಕೇಸು?”

“ಕೇಸು ಇಲ್ಲ,” ಎಂದರು ಮಾವ.

“ಆ ಗುಮಾಸ್ತ?”

“ಅವನೂ ಇಲ್ಲ.”

ಜವಳಿ ಅಂಗಡಿಯವರಿಗೆ ಕ್ಷಯಕ್ಕಿಂತ ಇದು ಹೆಚ್ಚು ನೋವು ಮಾಡಿದ ಹಾಗೆ ಕಂಡಿತು. ಅವರು ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತರು. ಮರುದಿನ ಬೆಳಿಗ್ಗೆಯೊಳಗೆ ಬೆಳ್ಳಾರೆ ಪೇಟೆಗೆಲ್ಲ ವಿಷಯ ತಿಳಿಯಿತು. ನನಗೆ ಬಂದಿದ್ದ ಒಂದು ನೆಂಟಸ್ತಿಕೆಯವರು ಮತ್ತೆ ಬರಲಿಲ್ಲ. ಮಾವ ಚಹಾ ಕುಡಿಯುತ್ತಿದ್ದ ಹೋಟೆಲಿನಲ್ಲಿ ಅವರ ಲೋಟಕ್ಕೊಂದು ಗುರುತು ಬಿತ್ತು. ಇದೆಲ್ಲ ಆಗುತ್ತದೆ ಎಂದು ಪಡಸಾಲೆಯಲ್ಲಿ ಕೂತಿದ್ದಾಗಲೇ ಅವರಿಗೆ ಗೊತ್ತಿತ್ತು. ಇದಕ್ಕೆ ಹೆದರಿಯೇ ಅವರು ಎಂಟು ವರ್ಷ ಗೋಡೆಗೆ ಮುಖಮಾಡಿ ಮಾತಾಡಿದ್ದು.

ಕರೆಂಟು ಬಂದಾಗ ಫಿಲ್ಮು ತೆಗೆಯುವವರು ದಫ್ತರ ತೆರೆದು, ಅವರ ಜೀವಮಾನದಲ್ಲಿ ಮೊದಲ ಸಲ ಎಂದು ನನಗೆ ಕಂಡಿತು, “ಹೆಸರು?” ಎಂದು ಕೇಳಿದರು. ಮಾವ ಕೋರ್ಟಿನ ಕಟಕಟೆಯಲ್ಲಿ ಹೇಳುವ ಹಾಗೆ ಹೇಳಿದರು: ತನ್ನ ಹೆಸರು, ಪ್ರಾಯ, ಮನೆ, ಗ್ರಾಮ, ಅಂಚೆ, ತಾಲೂಕು. ಹೇಳಿದ್ದು ಸರಿಯಾಗಿ ಬರೆದರೋ ಎಂದು ಬಗ್ಗಿ ನೋಡಿದರು. ಆಮೇಲೆ ಗಲ್ಲ ಮೇಲೆತ್ತಿ ನಿಂತರು.

ಮಧ್ಯಾಹ್ನದ ಮೇಲೆ ಎರಡೂ ಫಿಲ್ಮು ಒಣಗಿದವು. ನನ್ನದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಡಾಕ್ಟರು ತಲೆಯೆತ್ತದೆ ಸರ್ಟಿಫಿಕೇಟು ಬರೆದುಕೊಟ್ಟರು, ಹೆಸರನ್ನು ಎರಡು ಸಲ ಕೇಳಿ ಬರೆದರು. ಮಾವನದ್ದನ್ನು ಅವರು ಬಹಳ ಹೊತ್ತು ನೋಡಿದರು. ಅಳೆದರು. ಆರು ತಿಂಗಳ ಹಿಂದಿನದರ ಪಕ್ಕದಲ್ಲಿಟ್ಟು ಮತ್ತೆ ಅಳೆದರು. ಅವರು ಸೆಂಟಿಮೀಟರು ಹೇಳುವ ಮೊದಲೇ ಮಾವ ಹೇಳಿದರು, “ನೆಲ್ಲಿಕಾಯಿಯಷ್ಟು.” ತೂತು ಮತ್ತೆ ದೊಡ್ಡದಾಗಿತ್ತು. ಅದರ ಕೆಳಗೆ ಹೊಸದಾಗಿ ಎರಡು ಮಸುಕು ಕಲೆಗಳಿದ್ದವು. ಹಂದಿ ಹೋಗಿರಲಿಲ್ಲ. ಕಫ ಪರೀಕ್ಷೆ ಮಾಡಬೇಕು, ಮದ್ದು ಬದಲಿಸಬೇಕು, ಮತ್ತೆ ಹದಿನೆಂಟು ತಿಂಗಳು ಎಂದು ಡಾಕ್ಟರು ಹೇಳಿ, ಕೊನೆಗೆ “ಕ್ಷಮಿಸಿ” ಎಂದರು. “ನಿಮ್ಮದು ಎಂತ ತಪ್ಪು? ನಾವು ಹೆಸರು ಹೇಳ್ಲಿಲ್ಲ,” ಎಂದರು ಮಾವ.

ಬಸ್ ಸ್ಟ್ಯಾಂಡಿನಲ್ಲಿ ಬೆಳ್ಳಾರೆಯ ಬಸ್ಸು ಇನ್ನೂ ಬಂದಿರಲಿಲ್ಲ. ಸರ್ಟಿಫಿಕೇಟು ನನ್ನ ಚೀಲದಲ್ಲಿತ್ತು, ಕೆಲಸ ಕೈಗೆ ಬಂದಿತ್ತು. ಸಂತೋಷ ಎಲ್ಲಿದೆಯೆಂದು ಹುಡುಕಿದರೆ ಸಿಗಲಿಲ್ಲ. ಮಾವ ಬೈರಾಸನ್ನು ಮತ್ತೆ ಬಾಯಿಗೆ ಹಿಡಿದು, ನನ್ನಿಂದ ಎರಡು ಮಾರು ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಂತಿದ್ದರು.

“ಮಾವ, ಮೊದಲನೆಯ ಫಿಲ್ಮು ನೋಡಿದಾಗಲೇ ನನಗೆ ಗೊತ್ತಾಗಿತ್ತು,” ಎಂದೆ. “ಪಕ್ಕೆಲುಬಿನಲ್ಲಿ ಗಂಟು ಇರ್ಲಿಲ್ಲ. ನಾನು ಹೇಳ್ಬೇಕಿತ್ತು.”

“ನನಗೂ ಗೊತ್ತಾಗಿತ್ತು,” ಎಂದರು ಅವರು, ರಸ್ತೆಯ ಕಡೆ ನೋಡುತ್ತಾ.

“ಮತ್ತೆ ಸಂಪಾಜೆಗೆ ಹೋಗುವ ಅಂತ ಹೇಳಿದ್ದು?”

“ಅದು ಸುಮ್ಮನೆ,” ಎಂದರು ಮಾವ. “ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿದ್ದು. ಹೇಗೆ ಕೇಳ್ತದೆ ಅಂತ.”